ಗುಟುರು ಹಾಕದ ರಾಕ್ಷಸ

ಹೊಳೆದಂಡೆಯ ಆಶ್ರಮಕ್ಕೆ ಮೂರೇ ಕಂಬ. ನಾಲ್ಕನೆಯದನ್ನು ಪ್ರವಾಹ ಒಯ್ದಿತು ಅಂತಾರೆ. ಒಲೆಗೆ ಹೋಯಿತು ಅಂತಲೂ ಅಂತಾರೆ. ಎರಡೂ ನಿಜವೇ ಇರಬೇಕು.

ಅಲ್ಲಿಯ ಗುರು ಶಂಭುಲಿಂಗಯ್ಯನವರಿಗೆ ತೀರದ ಕೆಮ್ಮು. ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದರೆ ಸಾಕು, ಖೊಕ್ ಖೊಕ್ ಶುರು. ಶಿಷ್ಯ ಮಹಾಬಲ ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಕಾಳುಮೆಣಸಿನ ಕಷಾಯ ಕಾಸಿ ಕೊಡುತ್ತಿದ್ದ. ಕೆಮ್ಮು ಜಗ್ಗಲಿಲ್ಲ.

ಮಿಕ್ಕ ಹೊತ್ತಿನಲ್ಲಿ ಮಹಾಬಲ ಕಂಪ್ಯೂಟರ್ ಮುಂದೆ ಕೂತು ಒಂದು ಆನ್‌ಲೈನ್ ಆಟ ಕಟ್ಟಿದ್ದ. ಮೂರು ವರ್ಷದ ದುಡಿಮೆ. ಆಟಕ್ಕೆ ಬಂದವರೆಲ್ಲ ವೀರರು. ಅವರು ಮೊದಲು ಒಂದು ಸೇತುವೆ ದಾಟಬೇಕು. ಸೇತುವೆಯ ಮೇಲೆ ಡೊಳ್ಳಾಸುರನೆಂಬ ರಾಕ್ಷಸ. ಅವನನ್ನು ಆಡಿಸುತ್ತಿದ್ದದ್ದು ಯಂತ್ರ.

ಒಂದು ದಿನ ಮಹಾಬಲನಿಗೆ ಹುಕಿ ಬಂತು. ರಾಕ್ಷಸನನ್ನೂ ಆಟಗಾರರ ಕೈಗೇ ಕೊಟ್ಟುಬಿಟ್ಟ. ಯಾರು ಬೇಕಾದರೂ ಡೊಳ್ಳಾಸುರನಾಗಬಹುದು.

ಜನ ಮುಗಿಬಿದ್ದರು. ಹದಿನೈದೇ ದಿನಕ್ಕೆ ಸೇತುವೆ ಬಿಕೋ ಅಂದಿತು.

ಮಹಾಬಲ ಗುರುಗಳ ಮುಂದೆ ಬಂದು ಕೂತ.

“ನನ್ನ ಆಟ ಸಾಯ್ತಾ ಇದೆ ಗುರುಗಳೇ. ಹೊಸಬರು ಒಬ್ಬರೂ ನಿಲ್ಲುತ್ತಿಲ್ಲ. ಫಿಲೋಮಿನಾ ಅಂತ ನಿವೃತ್ತ ನರ್ಸ್ ಒಬ್ಬರು ಬರೆದಿದ್ದಾರೆ ನೋಡಿ: ‘ಸೇತುವೆ ಮೇಲೆ ಹದಿನಾಲ್ಕು ಸಲ ಸತ್ತೆ ಮಗಾ. ನನ್ನ ಬೆರಳು ನಿಧಾನ. ಹಳೇ ರಾಕ್ಷಸನಿಗೆ ಅದು ಗೊತ್ತಿತ್ತು. ನಾನಿನ್ನು ಬರಲ್ಲ.’”

“ಹಳೆಯವನು ಹೇಗೆ ಹೊಡೀತಿದ್ದ?”

“ಗದೆ ಎತ್ತೋ ಮೊದಲು ಎರಡು ಸಲ ಗುಟುರು ಹಾಕ್ತಿದ್ದ. ಅಷ್ಟರಲ್ಲಿ ಎಂಥವರೂ ಪಕ್ಕಕ್ಕೆ ಹಾರ್ತಿದ್ದರು.”

“ಈಗ?”

“ಗುಟುರಿಗೊಂದು ಬಟನ್ ಇಟ್ಟಿದ್ದೇನೆ. ಒಬ್ಬನೂ ಒತ್ತಲ್ಲ! ಇವತ್ತೇ ರಾಕ್ಷಸನನ್ನು ಕಿತ್ತು ಮತ್ತೆ ಯಂತ್ರಕ್ಕೆ ಕೊಡ್ತೀನಿ. ಮನುಷ್ಯರ ಕೈಗೆ ಕೊಡೋ ವಸ್ತುವಲ್ಲ ಅದು.”

“ಆ ನರ್ಸಮ್ಮನನ್ನು ಹದಿನಾಲ್ಕು ಸಲ ಕೊಂದವರು ಯಾರಪ್ಪಾ?”

ಮಹಾಬಲ ಚಾಪೆಯ ಕಡ್ಡಿ ಕೀಳತೊಡಗಿದ.

“ಎರಡು ಸಲ ಯಾರೋ.”

“ಉಳಿದ ಹನ್ನೆರಡು?”

“ಸುಮ್ಮನೆ ಪರೀಕ್ಷೆ ಮಾಡೋಣ ಅಂತ ಕೂತೆ, ಗುರುಗಳೇ...”

“ನೀನೂ ಬಟನ್ ಒತ್ತಲಿಲ್ಲವೋ?”

“ಗುಟುರು ಹಾಕಿದರೆ ತಪ್ಪಿಸಿಕೊಳ್ತಾರಲ್ಲ!”

ಗುರುಗಳು ನಕ್ಕರು.

“ಯಂತ್ರಕ್ಕೆ ನಾಳೆ ಕೊಡುವೆಯಂತೆ. ಇವತ್ತೊಂದು ದಿನ ತಡಿ.”

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಮಹಾಬಲ ಎಂದಿನಂತೆ ಅಡುಗೆಮನೆ ಸೇರಿದ. ನೈವೇದ್ಯದ ಬೆಲ್ಲ ಕದ್ದವನು ಗಂಟುಮೂಟೆ ಕಟ್ಟಬೇಕು ಅನ್ನುವುದು ಆಶ್ರಮದ ಕಟ್ಟಳೆ. ಬೆಲ್ಲವೇನೋ ಪೆಂಟೆಗಟ್ಟಲೆ ಕಾಣೆಯಾಗುತ್ತಿತ್ತು. ಸಿಕ್ಕಿಬಿದ್ದವನು ಮಾತ್ರ ಇವತ್ತಿನವರೆಗೆ ಒಬ್ಬನೂ ಇಲ್ಲ.

ದೊಡ್ಡ ತುಂಡೊಂದನ್ನು ಬಾಯಿಗಿಟ್ಟು ಮಹಾಬಲ ತಿರುಗಿದ.

ಹೊಸ್ತಿಲ ಮೇಲೆ ಗುರುಗಳು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

ಉಬ್ಬಿದ ಕೆನ್ನೆ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹನ್ನೊಂದು ವರ್ಷ ಮಲಗಿದ ಚಾಪೆ, ಈಜಿದ ಹೊಳೆ, ಆ ಮೂರು ಕಂಬ, ಎಲ್ಲವೂ ಅವನ ಕಣ್ಣ ಮುಂದೆ ಹಾದುಹೋದವು.

“ಗುರುಗಳೇ... ನೀವು ಕೆಮ್ಮಲೇ ಇಲ್ಲ!”

“ಕೆಮ್ಮಿದರೆ ತಪ್ಪಿಸಿಕೊಳ್ತೀಯಲ್ಲ.”

ಬಾಯಲ್ಲಿ ಬೆಲ್ಲ ಕರಗುತ್ತಲೇ ಇತ್ತು. ರುಚಿ ಗೊತ್ತಾಗಲಿಲ್ಲ.

“ಹಾಗಾದರೆ ಇಷ್ಟು ವರ್ಷ, ದಿನಾ, ಇದೇ ಬಾಗಿಲಲ್ಲಿ...”

ಗುರುಗಳು ಒಳಗೆ ಬಂದು, ಡಬ್ಬಿಯಿಂದ ಒಂದು ಚೂರು ಬೆಲ್ಲ ಮುರಿದು ತಮ್ಮ ಬಾಯಿಗೂ ಹಾಕಿಕೊಂಡರು.

“ಹನ್ನೊಂದು ವರ್ಷ ನಿನ್ನ ಖಾರದ ಕಷಾಯ ಕುಡಿದೆನಲ್ಲೋ ಮಹಾಬಲ,” ಅಂದರು, “ನನಗೆ ಕೆಮ್ಮು ಎಲ್ಲಿತ್ತು?”