ಕತ್ತೆ ಮರಳಿನಲ್ಲಿ ಹೊಳೆಯನ್ನು ಹುಡುಕಿದ್ದು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಗಟ್ಟಿಯಾಗಿರಲಿಲ್ಲ. ಹಕ್ಕಿಗಳು ಆಗಷ್ಟೇ ಹಾಡು ಕಲಿಯುತ್ತಿದ್ದವು. ಕತ್ತೆಯ ಕಿವಿ ಆಗ ಕುದುರೆಯ ಕಿವಿಯಷ್ಟೇ ಚಿಕ್ಕದು.

ಒಂದು ಹೊಳೆಯ ದಂಡೆಯಲ್ಲಿ ಬಾಳವ್ವ ಎಂಬ ಮುದುಕಿ ಇದ್ದಳು. ಊರವರ ಬಟ್ಟೆ ಒಗೆಯುವುದು ಅವಳ ಕೆಲಸ. ಬಟ್ಟೆಗಂಟು ಹೊರುವುದು ಅವಳ ಕತ್ತೆಯ ಕೆಲಸ.

ಒಂದು ಬೇಸಿಗೆಯಲ್ಲಿ ಸೂರ್ಯ ಬಹಳ ಕೆಳಗೆ ಬಂದ. ಹೊಳೆ ಹೆದರಿತು. ಮೆಲ್ಲಮೆಲ್ಲಗೆ ಮರಳಿನೊಳಗೆ ಇಳಿದು ಅಡಗಿಕೊಂಡಿತು.

ನೀರು ಹುಡುಕುತ್ತ ಕುದುರೆ ಬೆಟ್ಟದ ಕಡೆ ಓಡಿತು. ಎಮ್ಮೆ ಕಾಡಿನ ಕಡೆ ನಡೆಯಿತು. ಊರವರೂ ಹೊರಟುಹೋದರು. ಬಾಯಾರಿ ಬಳಲಿದ ಬಾಳವ್ವನಿಗೆ ಮಾತ್ರ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ.

"ನೀನಾದರೂ ಹೋಗಪ್ಪ. ಎಲ್ಲಾದರೂ ಬದುಕಿಕೋ," ಎಂದಳು ಕತ್ತೆಗೆ.

"ನಿನ್ನನ್ನು ಬಿಟ್ಟು ಎಲ್ಲಿಗೆ ಹೋಗಲಿ, ಅವ್ವಾ?" ಎಂದಿತು ಕತ್ತೆ.

ಅದು ಒಣಗಿದ ಹೊಳೆಗೆ ಇಳಿಯಿತು. ಸುಡುವ ಮರಳಿಗೆ ಕಿವಿಯಿಟ್ಟಿತು. ಏನೂ ಕೇಳಲಿಲ್ಲ. ಇನ್ನಷ್ಟು ದೂರ ಹೋಗಿ ಕಿವಿಯಿಟ್ಟಿತು. ಏನೂ ಕೇಳಲಿಲ್ಲ. ಹಾಗೆ ಕಿವಿ ಚಾಚಿ ಚಾಚಿ, ಕಿವಿಗಳೇ ಉದ್ದವಾದವು. ಆಗ ಆಳದಿಂದ ಯಾರೋ ಬಿಕ್ಕುವ ಸದ್ದು ಕೇಳಿಸಿತು.

"ಯಾರದು?"

"ನಾನು, ಹೊಳೆ. ಮೇಲೆ ಬಂದರೆ ಸೂರ್ಯ ನನ್ನನ್ನು ಕುಡಿದುಬಿಡುತ್ತಾನೆ."

"ನೀನು ಬರಬೇಡ ತಾಯಿ. ನಾನೇ ಬರುತ್ತೇನೆ," ಎಂದಿತು ಕತ್ತೆ.

ಮುಂಗಾಲಿನಿಂದ ಮರಳು ಕೆದರಿತು. ಮರಳು ಜಾರಿ ಗುಂಡಿ ಮುಚ್ಚಿತು. ಮತ್ತೆ ಕೆದರಿತು. ಗೊರಸು ನೋಯತೊಡಗಿತು. ಮತ್ತೆ ಕೆದರಿತು. ಕೊನೆಗೆ ಗುಂಡಿಯ ತಳದಲ್ಲಿ ಬೊಗಸೆಯಷ್ಟು ನೀರು ಒಸರಿತು.

ಕತ್ತೆಯ ನಾಲಿಗೆ ಒಣಗಿ ಅಂಟಿಕೊಂಡಿತ್ತು. ಆದರೂ ಅದು ಕುಡಿಯಲಿಲ್ಲ. ದಂಡೆಯಲ್ಲಿದ್ದ ಬಟ್ಟೆಗಂಟಿನಿಂದ ಒಂದು ಪಂಚೆ ಎಳೆದು, ನೀರಿನಲ್ಲಿ ಅದ್ದಿ, ಬಾಯಲ್ಲಿ ಕಚ್ಚಿಕೊಂಡು ಬಾಳವ್ವನ ಬಳಿ ಒಯ್ದಿತು. ಅವಳು ಅದನ್ನು ಬಾಯಿಗೆ ಹಿಂಡಿಕೊಂಡಳು. ಕತ್ತೆಯ ಮುಖ ಸವರಿದಳು.

ಕತ್ತೆ ಮರಳಿ ಬರುವಷ್ಟರಲ್ಲಿ ಗುಂಡಿಯ ಸುತ್ತ ಬಾಯಾರಿದ ಹಕ್ಕಿಗಳು ಸೇರಿದ್ದವು. ಕತ್ತೆ ಅವಕ್ಕೂ ಜಾಗ ಬಿಟ್ಟು ನಿಂತಿತು.

ಇದನ್ನೆಲ್ಲ ನೋಡಿದ ಹೊಳೆ ಕೇಳಿತು: "ನಿನಗೆ ಬಾಯಾರಿಕೆಯಿಲ್ಲವೇ, ಮಗು?"

"ಇದೆ ತಾಯಿ. ತಡೆದುಕೊಳ್ಳುತ್ತೇನೆ."

"ಹಾಗಾದರೆ ಆ ತಡೆದುಕೊಳ್ಳುವ ಶಕ್ತಿ ನಿನ್ನ ಮೈಯಲ್ಲೇ ಉಳಿಯಲಿ. ಸ್ವಲ್ಪ ನೀರಿನಲ್ಲಿ ಬಹಳ ದೂರ ನಡೆ. ನೀರು ಸಿಕ್ಕಾಗ, ಕಳೆದುಕೊಂಡದ್ದನ್ನೆಲ್ಲ ಬೇಗ ತುಂಬಿಕೋ."

"ನಿನ್ನ ಮೈಯ ಬಿಸಿಯನ್ನು ಆ ಉದ್ದ ಕಿವಿಗಳಿಂದ ನಾನು ಒಯ್ಯುತ್ತೇನೆ," ಎಂದಿತು ಅಲ್ಲಿ ಬೀಸಿ ಬಂದ ಗಾಳಿ.

ಆಮೇಲೆ ಕತ್ತೆ ಬಾಯಿ ಹಾಕಿ ಹೊಟ್ಟೆ ತುಂಬ ಕುಡಿಯಿತು.

ಅದಕ್ಕೇ ಮಗು, ಇವತ್ತಿಗೂ ಒಣಗಿದ ಹೊಳೆಯಲ್ಲಿ ಕತ್ತೆಯೊಂದು ಮರಳು ಕೆದರುತ್ತ ನಿಂತರೆ, ಹಕ್ಕಿಗಳು ಅದರ ಪಕ್ಕದಲ್ಲಿ ಬಂದು ಕೂತು ಕಾಯುತ್ತವೆ.