ಮುತ್ಯಾನವರು ಕುಡಿಸಿದ ಚಹಾ ಕಷಾಯ

ಹಾಲಗುಂಡಿಯ ಪೂಜ್ಯ ಶ್ರೀ ಸೋಮಲಿಂಗ ಮುತ್ಯಾನವರ ಮಠವೆಂದರೆ ಊರ ಹೊರಗಿನ ಬೇವಿನ ಮರದಡಿಯ ಒಂದೇ ಕೋಣೆ, ಅದರ ಮುಂದೊಂದು ತಗಡಿನ ಚಪ್ಪರ. ಚಪ್ಪರದ ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಹೊಲಕ್ಕೆ ಹೋಗುವ ಆಳುಗಳು ಬೆಳಿಗ್ಗೆ ಅಲ್ಲಿ ಒಂದು ಲೋಟ ಕಷಾಯ ಕುಡಿದೇ ಮುಂದೆ ಸಾಗುತ್ತಿದ್ದರು. ಶುಂಠಿ, ಮೆಣಸು, ತುಳಸಿಗಳನ್ನು ಜಜ್ಜಿ, ಚಹಾ ಎಲೆ ಸೇರಿಸಿ, ಬೆಲ್ಲ ಹಾಕಿ ಕುದಿಸಿದ, ಹಾಲಿಲ್ಲದ ಕಷಾಯವದು. ಪೂಜ್ಯರು ತಾವೇ ಸೋಸಿ, ತಾವೇ ಕೈಗೆ ಕೊಡುತ್ತಿದ್ದರು. ಆಚಾರವಂತರೊಬ್ಬರು, “ಮಠದಾಗ ಚಹಾ ಯಾಕ್ರೀ?” ಎಂದು ಆಕ್ಷೇಪಿಸಿದಾಗ, “ದಣಿದವರು ಬರ್ತಾರಪ್ಪಾ, ಅದಕ್ಕ” ಎಂದಷ್ಟೇ ಹೇಳಿ ನಕ್ಕಿದ್ದರಂತೆ.

ಒಂದು ಮುಂಜಾನೆ ಆ ಚಪ್ಪರಕ್ಕೆ ಬಂಗಾರೆವ್ವ ಬಂದಳು. ಆಕೆ ಹಿಟ್ಟಿನ ಗಿರಣಿಯ ಮಹಾರುದ್ರಪ್ಪನ ಹೆಂಡತಿ. ಮಹಾರುದ್ರಪ್ಪನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಂದಿನಿಂದ ಗಿರಣಿಯೂ ಅವಳದೇ, ಗಂಡನ ಆರೈಕೆಯೂ ಅವಳದೇ. ಯಾರ ಮುಂದೂ ಬಾಯಿಬಿಟ್ಟು ನೆರವು ಕೇಳಿದವಳಲ್ಲ. ಈಚೆಗೆ ಮೈಯಲ್ಲಿ ಕಸುವೇ ಉಳಿದಿರಲಿಲ್ಲ. ಹಿಂದಿನ ದಿನ ಜೋಳದ ಬುಟ್ಟಿ ಎತ್ತುವಾಗ ಕಣ್ಣಿಗೆ ಕತ್ತಲೆಗಟ್ಟಿ ವಾಲಿದ್ದಳು. ಸೆರಗು ಓಡುವ ಬೆಲ್ಟಿಗೆ ಸಿಕ್ಕು ಹರಿದುಹೋಗಿತ್ತು. ಜೀವ ಉಳಿದದ್ದೇ ಹೆಚ್ಚು. ಇದು ಮಾಟವೆಂದು ಒಬ್ಬರು, ತೀರಿಸದ ಹರಕೆಯ ಕಾಟವೆಂದು ಇನ್ನೊಬ್ಬರು ಹೇಳಿ ಅವಳನ್ನು ಮತ್ತಷ್ಟು ಹೆದರಿಸಿದ್ದರು.

“ಮುತ್ಯಾ, ಒಂದು ತಾಯತ ಕಟ್ರಿ,” ಎಂದಳು. “ನಾ ಏನು ಪಾಪ ಮಾಡೀನೋ ತಿಳಿವಲ್ದು. ಮೈಯಾಗ ಶಕ್ತಿನ ಇಲ್ಲದಂಗ ಆಗೈತಿ. ಜಲ್ದಿ ಕೊಡ್ರಿ, ಗಿರಣಿ ಮುಂದ ಮಂದಿ ಕಾಯಾಕತ್ತಾರ.”

ಪೂಜ್ಯರು ಅವಳ ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಸರಿಸಿ ನೋಡಿದರು. ಅದು ಸುಣ್ಣದಂತೆ ಬಿಳಿಚಿಕೊಂಡಿತ್ತು.

“ಹೊಟ್ಟಿ ತುಂಬ ಉಂಡು ಎಷ್ಟು ದಿನ ಆತವ್ವಾ?”

ಬಂಗಾರೆವ್ವ ಉತ್ತರಿಸಲು ಹೋದಳು. ನೆನಪಾಗಲಿಲ್ಲ.

“ಇದು ಪಾಪ ಅಲ್ಲ ಮಗಳ,” ಎಂದರು ಪೂಜ್ಯರು. “ದಣಿವು.”

ಅಷ್ಟು ದಿನಗಳಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಪೂಜ್ಯರು ರೊಟ್ಟಿ, ಮೊಸರು, ಶೇಂಗಾ ಚಟ್ನಿ ತಂದಿಟ್ಟು ಎದುರಿಗೇ ಕುಳಿತು ಉಣ್ಣಿಸಿದರು. ಆಮೇಲೆ ಬಿಸಿ ಕಷಾಯ ಕೊಟ್ಟರು. ನಿಂತೇ ಕುಡಿಯಹೊರಟವಳಿಗೆ, “ಕುಂತು ಕುಡಿಯವ್ವಾ” ಎಂದರು. ಮೆಣಸಿನ ಖಾರ ಗಂಟಲಲ್ಲಿ ಇಳಿಯುತ್ತಿದ್ದಂತೆ ಹಣೆಯಲ್ಲಿ ಬೆವರು ಒಡೆಯಿತು. ಸ್ವಲ್ಪ ಹೊತ್ತಿಗೆ ಮಂಜು ಸರಿದಂತೆ ಕಣ್ಣು ತಿಳಿಯಾಯಿತು.

“ಹೋದ ಜೀವ ಬಂದಂಗಾತು, ಮುತ್ಯಾ! ಇದನ್ನ ತಾಸಿಗೊಮ್ಮೆ ಕುಡಿದ್ರ ಆತು, ನನಗ ಊಟ, ನಿದ್ದಿ ಏನೂ ಬ್ಯಾಡ.”

ಆಗ ಪೂಜ್ಯರ ದನಿ ಗಟ್ಟಿಯಾಯಿತು. “ಇದು ನಿನ್ನ ಎಬ್ಬಿಸ್ತೈತಿ, ಅಷ್ಟ. ಸಾಕಿ ಸಲಹೂದಿಲ್ಲ. ಮುಂಜಾನೆ ಒಂದು ಲೋಟ ಸಾಕು. ನಾಳಿಗೆ ದವಾಖಾನಿಗೆ ಹೋಗಿ ರಕ್ತ ತೋರಿಸು. ಈಗ ನಡಿ, ನಾನೂ ಬರ್ತೀನಿ.”

ಗಿರಣಿಯ ಮುಂದೆ ಜನ ತಡವಾಯಿತೆಂದು ಗೊಣಗುತ್ತಿದ್ದರು. ಪೂಜ್ಯರು ಯಾರಿಗೂ ಏನೂ ಹೇಳದೆ ಮೊದಲನೆಯ ಬುಟ್ಟಿಗೆ ಕೈ ಹಾಕಿ ಎತ್ತಿದರು. ಎಂಬತ್ತರ ಸಮೀಪದ ಆ ಕೈಗಳು ನಡುಗಿದ್ದನ್ನು ಕಂಡು ಜನರೆಲ್ಲ ಗಾಬರಿಯಾಗಿ ಓಡಿಬಂದರು. ಅಂದಿನಿಂದ ಅವರವರ ಕಾಳನ್ನು ಅವರವರೇ ಎತ್ತಿ ಹಾಕತೊಡಗಿದರು. ಪೂಜ್ಯರು ಅತ್ತ ಗಿರಣಿಗೆ ಹೊಂದಿದ ಮನೆಯೊಳಗೆ ಹೋಗಿ ಮಹಾರುದ್ರಪ್ಪನ ಮುಖ ತೊಳೆದು, ಚಮಚೆಯಿಂದ ಗಂಜಿ ಕುಡಿಸುತ್ತ ಕುಳಿತರು.

ಬಂಗಾರೆವ್ವ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದಳು. “ಕೇಳಾಕ ನಾಚಿಕಿ ಬರ್ತಿತ್ತು, ಮುತ್ಯಾ,” ಎನ್ನುತ್ತಲೇ ಅಳು ಒತ್ತರಿಸಿ ಬಂತು.

“ನೆರವು ಮಾಡವರಿಗೂ ಒಂದಿಷ್ಟು ಪುಣ್ಯ ಸಿಗಲಿ ಬಿಡವ್ವಾ,” ಎಂದರು ಪೂಜ್ಯರು.

ರಕ್ತ ತೀರ ಕಡಿಮೆಯಾಗಿದೆಯೆಂದು ದವಾಖಾನೆಯ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ, ಹೊತ್ತಿಗೆ ಸರಿಯಾಗಿ ಊಟ, ನೆರೆಯ ಹೆಂಗಸರು ಪಾಳಿ ಮಾಡಿ ಗಂಡನ ಬಳಿ ಕುಳಿತಾಗ ಸಿಕ್ಕ ನಿದ್ದೆ, ಇವುಗಳಿಂದ ಬಂಗಾರೆವ್ವನ ಮೈಗೆ ಮೆಲ್ಲಗೆ ಕಸುವು ಮರಳಿತು. ಗುರುಕೃಪೆ ಹೀಗೂ ಬರುತ್ತದೆಯೆಂದು ಆಕೆ ಕೊನೆಯವರೆಗೂ ಕೈಮುಗಿದು ಹೇಳುತ್ತಿದ್ದಳು.

ಕೆಲವು ವರ್ಷಗಳ ಬಳಿಕ ಒಂದು ಮಧ್ಯಾಹ್ನ ಮಹಾರುದ್ರಪ್ಪನಿಗೆ ಕಡೆಯ ಉಸಿರು ಹತ್ತಿತು. ಬಂಗಾರೆವ್ವ ಅವನ ಹಣೆಗೆ ವಿಭೂತಿ ಹಚ್ಚಿ, ಎದ್ದು ಓಣಿಗೆ ಬಂದು ಮನೆಮನೆಯ ಬಾಗಿಲಲ್ಲೂ ನಿಂತು, “ಬರ್ರೆವ್ವಾ, ನನ್ನ ಕೂಡ ಕುಂದರ್ರಿ” ಎಂದು ಕರೆದಳು. ಓಣಿಗೆ ಓಣಿಯೇ ಬಂದು ಅವಳ ಸುತ್ತ ಕುಳಿತಿತು.