ಮೂರು ಗಂಟೆಯ ಇಂಜೆಕ್ಷನ್

ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಹೃದ್ರೋಗ ವಾರ್ಡಿನಲ್ಲಿ ಪಂಪಾಪತಿ ಎಂಬ ಫಿಸಿಷಿಯನ್ ಅಸಿಸ್ಟೆಂಟ್ ಇದ್ದ. ಇದು ಎಂಥ ಕೆಲಸ ಅಂತ ನಿಮಗೂ ಗೊತ್ತಿರಲಿಕ್ಕಿಲ್ಲ, ಅವನ ಬೀಗರಿಗೂ ಗೊತ್ತಿರಲಿಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ರೋಗಿಯನ್ನು ಪರೀಕ್ಷಿಸಿ, ಡಾಕ್ಟರಿಗೆ ವರದಿ ಕೊಟ್ಟು, ಅವರು ಹೇಳಿದ್ದನ್ನು ಚಾಚೂ ತಪ್ಪದೆ ನಡೆಸುವವನು. ಹನ್ನೊಂದು ವರ್ಷ ಹಾಗೆ ದುಡಿದವನನ್ನು ಒಂದು ಮದುವೆ ಮನೆಯಲ್ಲಿ ಯಾರೋ 'ನಮ್ಮ ಕಾಂಪೌಂಡರ್' ಅಂದುಬಿಟ್ಟರು. ಅವತ್ತು ಅವನು ಅರ್ಧ ಊಟಕ್ಕೇ ಎಲೆ ಬಿಟ್ಟು ಎದ್ದ. ಹೆಸರಿನ ಹಿಂದೆ 'ಡಾಕ್ಟರ್' ಅಂತ ಹಾಕಿಸಿಕೊಂಡೇ ತೀರುತ್ತೇನೆ ಅಂತ ಹಟಕ್ಕೆ ಬಿದ್ದ.

ಕೆಲಸ ಬಿಡುವ ಹಾಗಿಲ್ಲ, ಮನೆ ನಡೆಯಬೇಕು. ಆನ್‌ಲೈನಿನಲ್ಲೇ ಡಾಕ್ಟರೇಟ್ ಎಲ್ಲೆಲ್ಲಿದೆ ಅಂತ ಹುಡುಕಿದ. ಒಂದು ಕಡೆ ಆರೇ ತಿಂಗಳಲ್ಲಿ ಪದವಿ, ಪ್ರಬಂಧವನ್ನೂ ನಾವೇ ಬರೆದುಕೊಡುತ್ತೇವೆ ಅಂದರು. ಥೂ, ಇದು ಪದವಿಯೋ ಪಕೋಡವೋ ಅಂದು ಬಿಟ್ಟುಬಿಟ್ಟ. ಇನ್ನೊಂದು ಕಡೆ ವರ್ಷಕ್ಕೆ ಮೂರು ತಿಂಗಳು ಬಂದು ಇರಬೇಕು ಅಂದರು. ಅದು ಆಗದ ಮಾತು. ಮೂರನೆಯದು ಸರಿಹೋಯಿತು. ಭಾನುವಾರ ಪಾಠ, ಸಂಶೋಧನೆ ತನ್ನ ವಾರ್ಡಿನಲ್ಲೇ, ನಾಲ್ಕು ವರ್ಷ. ಆ ನಾಲ್ಕು ವರ್ಷ ಅವನು ಒಂದು ಹಬ್ಬವನ್ನೂ ನೆಟ್ಟಗೆ ಮಾಡಲಿಲ್ಲ. ಒಳ್ಳೆಯ ಆಯ್ಕೆಯೇ ಬಿಡಿ, ಅದರಲ್ಲಿ ನನ್ನ ತಕರಾರಿಲ್ಲ.

ಅವನ ಸಂಶೋಧನೆ ಪಾಳಿ ಒಪ್ಪಿಸುವುದರ ಬಗ್ಗೆ. ಬೆಳಗಿನ ಪಾಳಿಯವರು ಮಧ್ಯಾಹ್ನದವರಿಗೆ ರೋಗಿಗಳನ್ನು ಒಪ್ಪಿಸುವಾಗ ಒಂದು ಮಾತು ಬಿಟ್ಟುಹೋದರೂ ಅನಾಹುತ ಆಗಬಹುದು. ಅದಕ್ಕೆ ಪಂಪಾಪತಿ ಹೇಳಿದ ದಾರಿ ಬಲು ಸರಳ. ಮೇಜಿನ ಹತ್ತಿರ ಒಪ್ಪಿಸಬೇಡಿ, ಒಂದೊಂದು ಮಂಚದ ಹತ್ತಿರವೂ ನಿಂತು ಒಪ್ಪಿಸಿ. ಕೇಳಿಸಿಕೊಂಡವರು ಅದನ್ನೇ ಬಾಯಿಬಿಟ್ಟು ತಿರುಗಿ ಹೇಳಲಿ. ಈ ಪದ್ಧತಿ ಬಂದ ಮೇಲೆ ವಾರ್ಡಿನಲ್ಲಿ ತಪ್ಪುಗಳು ಅರ್ಧಕ್ಕರ್ಧ ಇಳಿದವು.

ಕೊನೆಯ ಮೌಖಿಕ ಪರೀಕ್ಷೆ ಒಂದು ಗುರುವಾರ ಮಧ್ಯಾಹ್ನ ಎರಡೂವರೆಗೆ ಅಂತ ಗೊತ್ತಾಯಿತು. ರಜೆ ಸಿಗಲಿಲ್ಲ. ಬೆಳಗಿನ ಪಾಳಿ ಮುಗಿಸಿ, ಆಸ್ಪತ್ರೆಯ ಮೂರನೇ ಮಹಡಿಯ ಲೈಬ್ರರಿಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂರುವುದೆಂದಾಯಿತು. ನಿಯಮ ಕಟ್ಟುನಿಟ್ಟು. ಫೋನ್ ಕೋಣೆಯ ಹೊರಗಿರಬೇಕು. ಕ್ಯಾಮೆರಾ ಮುಂದಿನಿಂದ ಎದ್ದು ಹೋದರೆ ಪರೀಕ್ಷೆ ರದ್ದು, ಮತ್ತೆ ಒಂದು ವರ್ಷ ಕಾಯಬೇಕು.

ಅವತ್ತು ಒಂದೂಮುಕ್ಕಾಲಿಗೆ ಏಳನೇ ಮಂಚದ ಎರ್ರಿಸ್ವಾಮಿ ಅವನನ್ನು ಕರೆದ. ಜೀನ್ಸ್ ಹೊಲಿಯುವ ಮನುಷ್ಯ. ಹೃದಯಾಘಾತವಾಗಿ ನಾಲ್ಕು ದಿನದಿಂದ ಅಲ್ಲಿದ್ದ. ರಕ್ತ ಹೆಪ್ಪುಗಟ್ಟದಿರಲೆಂದು ಅವನಿಗೆ ದಿನಾ ಮಧ್ಯಾಹ್ನ ಮೂರಕ್ಕೆ ಒಂದು ಇಂಜೆಕ್ಷನ್ ಕೊಡುತ್ತಿದ್ದರು. ಬೆಳಗಿನಿಂದ ಮಲ ಟಾರಿನಂಗೆ ಕಪ್ಪಗೆ ಹೋಗ್ತೈತೆ ಸಾರ್ ಅಂತ ನಾಚಿಕೊಂಡೇ ಹೇಳಿದ. ಪಂಪಾಪತಿಗೆ ಅರ್ಥವಾಗಿಹೋಯಿತು. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ! ಕೂಡಲೇ ಡಾಕ್ಟರಿಗೆ ಫೋನ್ ಮಾಡಿದ. ಮೂರು ಗಂಟೆಯ ಇಂಜೆಕ್ಷನ್ ಕೊಡಲೇಬೇಡಿ, ರಕ್ತ ಪರೀಕ್ಷೆಗೆ ಕಳಿಸಿ ಅಂತ ಅವರು ಹೇಳಿದರು.

ಕೇಸ್ ಶೀಟ್ ಕೈಗೆ ಸಿಗಲಿಲ್ಲ. ವಾರ್ಡಿನವರೆಲ್ಲ ಮಾಡುವ ಹಾಗೆ ಅವನೂ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರ್ ಒಂದು ತುಂಡು ಹರಿದು, ಡಾಕ್ಟರ್ ಹೇಳಿದ ಎರಡನ್ನೂ ಅದರ ಮೇಲೆ ಬರೆದು, ಯೂನಿಫಾರ್ಮಿನ ತೊಡೆಯ ಮೇಲೆ ಅಂಟಿಸಿಕೊಂಡ. ಆಮೇಲೆ ಶೀಟಿಗೆ ಇಳಿಸಿದರಾಯಿತು ಅಂದುಕೊಂಡ. ಆಮೇಲೆ ಏನು ಮಾಡಿದ ಗೊತ್ತೇ? ಪರೀಕ್ಷೆಗೆ ಹೊತ್ತಾಯಿತೆಂದು ಓಡಿಹೋಗಿ ಯೂನಿಫಾರ್ಮ್ ಕಳಚಿ, ಇಸ್ತ್ರಿ ಮಾಡಿದ ಶರ್ಟು ಹಾಕಿ, ಟೈ ಕಟ್ಟಿಕೊಂಡ. ಯೂನಿಫಾರ್ಮ್ ಲಾಕರಿಗೆ ಹೋಯಿತು. ಪ್ಲಾಸ್ಟರೂ ಅದರ ಜೊತೆಗೇ ಹೋಯಿತು, ಅದರ ನೆನಪೂ ಹೋಯಿತು.

ಎರಡು ಗಂಟೆಗೆ ನಸೀಮಾ ಬಂದಳು. ಅವಳೂ ಅದೇ ಕೆಲಸದವಳು, ಅವನ ಕೈಕೆಳಗೆ ಕಲಿತವಳು. ರೂಢಿಯಂತೆ ಮೊದಲನೇ ಮಂಚದ ಕಡೆ ಹೊರಟಳು. ಪಂಪಾಪತಿ ಮೇಜಿನ ಹತ್ತಿರವೇ ಅವಳನ್ನು ನಿಲ್ಲಿಸಿದ. ಶೀಟಿನಲ್ಲಿ ಎಲ್ಲಾ ಐತೆ ನೋಡ್ಕೊ, ಹೊಸದೇನಿಲ್ಲ ಅಂದ. ತಿರುಗಿ ಹೇಳ್ತೀನಿ ಕೇಳಿ ಸರ್ ಅಂದಳು ಅವಳು. ಇವತ್ತೊಂದು ದಿನ ಬಿಡಮ್ಮ ಅಂತ ಮೆಟ್ಟಿಲು ಹತ್ತಿಯೇಬಿಟ್ಟ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗೆ.

ಪರೀಕ್ಷೆ ಚೆನ್ನಾಗಿಯೇ ಶುರುವಾಯಿತು. ಪರದೆಯ ಮೇಲೆ ಮೂವರು ಪರೀಕ್ಷಕರು. ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟ. ಎರಡು ಗಂಟೆ ಐವತ್ತು ನಿಮಿಷಕ್ಕೆ, ಅಲ್ಲಿಯವರೆಗೆ ಸುಮ್ಮನಿದ್ದ ಹಿರಿಯ ಪರೀಕ್ಷಕಿ ಕನ್ನಡಕ ಸರಿಮಾಡಿಕೊಂಡು ಕೇಳಿದರು.

"ಇವತ್ತು ನೀವು ಪಾಳಿ ಒಪ್ಪಿಸಿ ಬಂದಿದ್ದೀರಲ್ಲ, ಪ್ರಬಂಧದಲ್ಲಿ ಬರೆದ ಹಾಗೇ ಒಪ್ಪಿಸಿದಿರಾ?"

"ಹೌದು ಮೇಡಂ," ಅಂದ ಪಂಪಾಪತಿ.

ಸುಳ್ಳು ಬಾಯಿಂದ ಬಿದ್ದ ಕೂಡಲೇ ಏಳನೇ ಮಂಚ ಕಣ್ಣಮುಂದೆ ಬಂತು. ಶೀಟಿನಲ್ಲಿ ಇಂಜೆಕ್ಷನ್ ಹಾಗೇ ಇದೆ. ಮೂರಕ್ಕೆ ಸಿಸ್ಟರ್ ಕೊಟ್ಟೇ ಕೊಡುತ್ತಾಳೆ. ಸೋರುತ್ತಿರುವ ರಕ್ತ ಆಮೇಲೆ ನಿಲ್ಲುವುದೇ ಕಷ್ಟ.

ಆಗಲೂ ಕೂಡಲೇ ಎದ್ದನೇ? ಇಲ್ಲ ಮಹರಾಯ, ಲೆಕ್ಕ ಹಾಕುತ್ತ ಕೂತ. ಎರ್ರಿಸ್ವಾಮಿ ತಾನೇ ನಸೀಮಾಗೆ ಹೇಳಿರಬಹುದು. ಹೇಳದೆಯೂ ಇರಬಹುದು. ಒಂದು ಡೋಸಿನಿಂದ ಏನೂ ಆಗದಿರಬಹುದು. ಇನ್ನು ಹತ್ತು ನಿಮಿಷ ಕೂತರೆ ನಾಲ್ಕು ವರ್ಷದ ದುಡಿಮೆ ಕೈಗೆ ಬರುತ್ತದೆ. ಎರಡು ಐವತ್ತೆರಡು. ಒಬ್ಬ ಪರೀಕ್ಷಕರು ಅವನ ಪ್ರಬಂಧವನ್ನು ಹೊಗಳುತ್ತಿದ್ದರು. ಎರಡು ಐವತ್ತನಾಲ್ಕು. ಆ ಹೊಗಳಿಕೆ ಅವನ ಕಿವಿಗೆ ಬೈಗುಳದಂತೆ ಕೇಳಿಸಿತು. ಕುರ್ಚಿ ಹಿಂದಕ್ಕೆ ಬಿತ್ತು. ಕೆಳಗೆ ರೋಗಿಯ ಜೀವಕ್ಕೆ ಅಪಾಯ ಇದೆ, ನಾನು ಹೋಗಬೇಕು ಅಂದವನೇ ಬಾಗಿಲ ಕಡೆ ಓಡಿದ.

ಹೊರಗಿದ್ದ ಫೋನ್ ಎತ್ತಿಕೊಂಡು ವಾರ್ಡಿಗೆ ಹಚ್ಚಿದ. ಲೈನು ಬಿಜಿ. ಲಿಫ್ಟು ಕೆಳಗಿತ್ತು. ಎರಡೆರಡು ಮೆಟ್ಟಿಲು ಹಾರಿ ಇಳಿದ. ವಾರ್ಡಿನ ಬಾಗಿಲು ತಳ್ಳಿದಾಗ ಎರ್ರಿಸ್ವಾಮಿ ಅಂಗಿ ಮೇಲೆತ್ತಿ ಮಲಗಿದ್ದ. ಸಿಸ್ಟರ್ ಅವನ ಹೊಟ್ಟೆಗೆ ಸ್ಪಿರಿಟ್ ಒರೆಸಿ, ಸಿರಿಂಜ್ ಹಿಡಿದು ಬಗ್ಗಿದ್ದಳು.

"ಕೊಡಬೇಡಿ ಸಿಸ್ಟರ್."

ಸೂಜಿ ಹೊಟ್ಟೆಯಿಂದ ನಾಲ್ಕು ಬೆರಳು ದೂರದಲ್ಲಿ ನಿಂತಿತು.

ರಕ್ತ ಪರೀಕ್ಷೆ ಆಯಿತು. ರಕ್ತ ತೀರಾ ಇಳಿದಿತ್ತು. ಎರಡು ಬಾಟಲಿ ರಕ್ತ ಏರಿಸಿದರು. ಡಾಕ್ಟರ್ ಓಡಿಬಂದು ನೋಡಿ, ಆ ಇಂಜೆಕ್ಷನ್ ಹೋಗಿದ್ದರೆ ಕೈಮೀರುತ್ತಿತ್ತು ಅಂದರು. ನಸೀಮಾ ಗೋಡೆಗೆ ಒರಗಿ ನಿಂತಿದ್ದಳು.

"ಅದು ಹೋಗಿದ್ರೆ ನನ್ನ ಪಾಳಿಲಿ ಹೋಗ್ತಿತ್ತು ಸರ್," ಅಂದಳು. "ತಿರುಗಿ ಹೇಳ್ತೀನಿ ಅಂದೆ. ನೀವೇ ಬೇಡ ಅಂದ್ರಿ."

ಪಂಪಾಪತಿಗೆ ಅವಳ ಮುಖ ನೋಡಲು ಆಗಲಿಲ್ಲ. ಇಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಆಗಿರಲಿಲ್ಲ. ನನ್ನದೇ ತಪ್ಪಮ್ಮ ಅಂತ ಎಲ್ಲರ ಎದುರಿಗೇ ಒಪ್ಪಿಕೊಂಡ. ವಾರ್ಡಿನ ತಪ್ಪುಗಳ ಪುಸ್ತಕ ತೆಗೆದು, ನಡೆದದ್ದನ್ನು ನಡೆದ ಹಾಗೇ ಬರೆದು, ಕೆಳಗೆ ತನ್ನ ಹೆಸರು ಹಾಕಿ ಸಹಿ ಮಾಡಿದ.

ಮತ್ತೆ ಮೇಲೆ ಹೋದಾಗ ನಾಲ್ಕು ಗಂಟೆ. ಪರದೆಯ ಮೇಲೆ ಹಿರಿಯ ಪರೀಕ್ಷಕಿ ಒಬ್ಬರೇ ಕೂತಿದ್ದರು. ರೋಗಿ ಹೇಗಿದ್ದಾರೆ ಅಂತ ಕೇಳಿದರು. ಬದುಕಿದ್ದಾರೆ ಅಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ಮೆಚ್ಚಿಕೊಳ್ಳುತ್ತಿದ್ದರೋ ಏನೋ. ಅವನು ನಿಲ್ಲಿಸಲಿಲ್ಲ.

"ಮೇಡಂ, ಆಗ ನಾನು ಹೌದು ಅಂದದ್ದು ಸುಳ್ಳು. ಮೇಜಿನ ಹತ್ತಿರ ನಿಂತು ಒಪ್ಪಿಸಿ ಬಂದಿದ್ದೆ. ಈ ಪರೀಕ್ಷೆಗೆ ಬರುವ ಅವಸರಕ್ಕೆ."

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ನಿಯಮ ನಿಯಮವೇ, ಇವತ್ತಿನ ಪರೀಕ್ಷೆ ರದ್ದು ಅಂದರು. ಪಂಪಾಪತಿ ತಲೆಯಾಡಿಸಿದ. ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದವನನ್ನು ಅವರು ತಡೆದರು.

"ನಿಮ್ಮ ಪ್ರಬಂಧದಲ್ಲಿ ಒಂದು ಅಧ್ಯಾಯ ಬಾಕಿ ಇದೆ. ಈ ಮಧ್ಯಾಹ್ನದ್ದು. ಬರುವ ವರ್ಷ ಅದನ್ನು ಬರ್ಕೊಂಡು ಬನ್ನಿ."

ಒಂದು ವರ್ಷ ಹೋಯಿತಲ್ಲ ಅಂತ ಅವನು ಅಲ್ಲೇ ಕೂತು ಅತ್ತ. ಒಬ್ಬ ಮನುಷ್ಯ ಉಳಿದನಲ್ಲ ಅಂತಲೂ ಅತ್ತ. ಆಮೇಲೆ ಮುಖ ತೊಳೆದು ಕೆಳಗಿಳಿದು ಬಂದು, ಒಂದನೇ ಮಂಚದಿಂದ ಹನ್ನೆರಡನೆಯದರವರೆಗೆ ಪ್ರತಿ ರೋಗಿಯನ್ನೂ ನಸೀಮಾಗೆ ಹೊಸದಾಗಿ ಒಪ್ಪಿಸಿದ. ಅವಳು ಒಂದೊಂದು ಮಾತನ್ನೂ ತಿರುಗಿ ಹೇಳಿದಳು. ಅವನು ನಿಂತು ಕೇಳಿದ.

ನೀತಿ: ಲೋಕಕ್ಕೆ ಹೇಳುವ ಪಾಠವನ್ನು ಅವಸರದ ದಿನವೂ ನಾವೇ ಪಾಲಿಸಬೇಕು. 'ಇವತ್ತೊಂದು ದಿನ ಬಿಡು' ಅಂದ ದಿನವೇ ಕಲಿತದ್ದು ಕೈಕೊಡುತ್ತದೆ. ತಪ್ಪಾಯಿತೋ, ಎಷ್ಟೇ ನಷ್ಟವಾಗಲಿ, ಕೂಡಲೇ ಎದ್ದು ಓಡಿ. ಕಳೆದುಕೊಂಡ ವರ್ಷ ಇನ್ನೊಂದು ವರ್ಷಕ್ಕೆ ತುಂಬಿಕೊಳ್ಳುತ್ತದೆ, ಹೋದ ಜೀವ ಬರುವುದಿಲ್ಲ.